ಉಗಿ ಸುತ್ತಿಗೆಯಿಂದ ಪೈಲ್ ಹೊಡೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪೈಲ್ ಹೊಡೆಯುವ ಉಗಿ ಸುತ್ತಿಗೆ ಎಂದರೆ ಯಾವುದು?

ಮೇಲ್ಪದರ ಮೆತ್ತಗಿರುವ ನೆಲದಲ್ಲಿ, ಹೂಳಿನ ಮೇಲೆ ಅಥವಾ ಹರಿಯುವ ನೀರಿನ ನಡುವೆ ಭಾರವಾದ ಕಟ್ಟಡವನ್ನು ನಿಲ್ಲಿಸಬೇಕಾದಾಗ, ಅದರ ಹೊರೆಯನ್ನು ಆಳದ ಗಟ್ಟಿ ಪದರಕ್ಕೆ ದಾಟಿಸಲು ಮರದ, ಉಕ್ಕಿನ ಅಥವಾ ಕಾಂಕ್ರೀಟಿನ ಉದ್ದ ಕಂಬಗಳನ್ನು ನೆಲದೊಳಕ್ಕೆ ಬಡಿದು ಇಳಿಸುತ್ತಾರೆ. ಈ ಕಂಬಗಳಿಗೆ ಪೈಲ್ ಎಂದು ಹೆಸರು. ಅವುಗಳ ತಲೆಯ ಮೇಲೆ ಪೆಟ್ಟು ಕೊಡುವ ಭಾರವಾದ ಲೋಹದ ಗಟ್ಟಿಯನ್ನು ರ್‍ಯಾಮ್ ಎನ್ನುತ್ತಾರೆ. ಆ ರ್‍ಯಾಮ್ ಅನ್ನು ಎತ್ತುವ ಸಿಲಿಂಡರ್ ಮತ್ತು ಪಿಸ್ಟನ್ ಪೈಲ್‌ನ ನೆತ್ತಿಯ ಮೇಲೆಯೇ ಕುಳಿತು, ಪೈಲ್ ಇಳಿದಂತೆಲ್ಲ ತಾವೂ ಇಳಿಯುತ್ತಾ, ಬಾಯ್ಲರಿನಿಂದ ಬರುವ ಉಗಿಯ ಒತ್ತಡದಲ್ಲಿ ಕೆಲಸ ಮಾಡಿದರೆ ಅದು ಉಗಿ ಸುತ್ತಿಗೆ.

ಇಲ್ಲಿ ಒಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಉಗಿ ಎಂಜಿನ್ನಿನ ರಾಟೆಯಿಂದ ಹಗ್ಗ ಸುತ್ತಿ ತೂಕವನ್ನು ಮೇಲಕ್ಕೆಳೆದು ಬಿಡುವ ಯಂತ್ರಗಳೂ ಇದ್ದವು. ಅವುಗಳಲ್ಲಿ ಉಗಿಯು ಆಳುಗಳ ಮತ್ತು ಕುದುರೆಗಳ ಜಾಗಕ್ಕೆ ಬಂದಿತ್ತೇ ಹೊರತು ಬಡಿಯುವ ರೀತಿ ಬದಲಾಗಿರಲಿಲ್ಲ. ಅವು ಉಗಿಯಿಂದ ಎತ್ತುವ ಬೀಳುತೂಕಗಳು. ಈ ಪುಟ ಅವುಗಳ ಕುರಿತಾದದ್ದಲ್ಲ.

ಉಗಿ ಬರುವ ಮೊದಲು ಪೈಲ್‌ಗಳನ್ನು ಹೇಗೆ ಇಳಿಸುತ್ತಿದ್ದರು?

ತೂಕವೊಂದನ್ನು ಎತ್ತಿ ಬಿಡುವುದು ಬಹಳ ಹಳೆಯ ಉಪಾಯ. ಕ್ರಿಸ್ತಪೂರ್ವ 55ರಲ್ಲಿ ಜೂಲಿಯಸ್ ಸೀಸರನ ಸೈನ್ಯ ರೈನ್ ನದಿಗೆ ಸೇತುವೆ ಕಟ್ಟಿದಾಗ ಮರದ ಕಂಬಗಳನ್ನು ನದಿಯ ತಳಕ್ಕೆ ಇಂಥ ಬಡಿತೂಕದಿಂದಲೇ ಇಳಿಸಿತ್ತು. ಮುಂದಿನ ನೂರಾರು ವರ್ಷ ಆಳುಗಳ ಗುಂಪು ರಾಟೆಯ ಮೇಲಿನ ಹಗ್ಗವನ್ನು ಒಟ್ಟಾಗಿ ಜಗ್ಗಿ ಒಟ್ಟಾಗಿ ಬಿಡುವುದೇ ರೂಢಿಯಾಗಿತ್ತು. 1738ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಕೆಲಸಕ್ಕೆ ಗಡಿಯಾರ ತಯಾರಕ ಜೇಮ್ಸ್ ವಲೂ ಅವರು ಕುದುರೆಗಳು ತಿರುಗಿಸುವ ಯಂತ್ರವೊಂದನ್ನು ರೂಪಿಸಿದರು. ತೂಕ ಮೇಲೆ ತಲುಪಿದೊಡನೆ ಕೊಕ್ಕೆ ತಾನೇ ಬಿಟ್ಟುಕೊಳ್ಳುವ ಏರ್ಪಾಡು ಅದರಲ್ಲಿತ್ತು. ಇವೆಲ್ಲಕ್ಕೂ ಸಮಾನವಾದ ಕೊರತೆಯೊಂದಿತ್ತು. ತೂಕವನ್ನು ಬಹಳ ಎತ್ತರಕ್ಕೆ ಎತ್ತಬೇಕಿದ್ದುದರಿಂದ ಎರಡು ಪೆಟ್ಟುಗಳ ನಡುವೆ ದೀರ್ಘ ಬಿಡುವು ಬೀಳುತ್ತಿತ್ತು, ಮತ್ತು ಆ ಬಿಡುವಿನಲ್ಲಿ ನೆಲ ಪೈಲ್ ಅನ್ನು ಮತ್ತೆ ಬಿಗಿಹಿಡಿಯುತ್ತಿತ್ತು.

ಇದನ್ನು ಕಂಡುಹಿಡಿದವರು ಯಾರು?

ಉಗಿಯಿಂದ ನೇರವಾಗಿ ಸುತ್ತಿಗೆ ಎತ್ತುವ ಕಲ್ಪನೆ ಜೇಮ್ಸ್ ವಾಟ್ ಅವರ 1784ರ ಪೇಟೆಂಟಿನಲ್ಲಿಯೇ ಇದೆ. ಆದರೆ ಅದು ಕಾಗದದ ಮೇಲೆಯೇ ಉಳಿಯಿತು. ಕೆಲಸಕ್ಕೆ ಬಂದ ಸುತ್ತಿಗೆಯ ಕಥೆ ಆರಂಭವಾಗುವುದು 1839ರ ನವೆಂಬರ್ 24ರಂದು. ‘ಗ್ರೇಟ್ ಬ್ರಿಟನ್’ ಎಂಬ ಹಡಗಿನ ಪಕ್ಕದ ಪ್ಯಾಡಲ್ ಚಕ್ರಗಳಿಗೆ ಬೇಕಾಗಿದ್ದ ಭಾರಿ ದಂಡವನ್ನು ಬಡಿದು ರೂಪಿಸಬಲ್ಲ ಸುತ್ತಿಗೆ ಆಗಿನ ಯಾವ ಕಾರ್ಖಾನೆಯಲ್ಲಿಯೂ ಇಲ್ಲ ಎಂಬ ದೂರು ಬಂದಾಗ, ಮ್ಯಾಂಚೆಸ್ಟರ್ ಬಳಿಯ ಪ್ಯಾಟ್ರಿಕ್ರಾಫ್ಟ್‌ನಲ್ಲಿ ಬ್ರಿಡ್ಜ್‌ವಾಟರ್ ಫೌಂಡ್ರಿ ನಡೆಸುತ್ತಿದ್ದ ಸ್ಕಾಟಿಷ್ ಎಂಜಿನಿಯರ್ ಜೇಮ್ಸ್ ನ್ಯಾಸ್ಮಿತ್ ಅವರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಉಗಿ ಸುತ್ತಿಗೆಯ ಚಿತ್ರ ಬರೆದರು. ಹಡಗಿನವರು ಅಷ್ಟರಲ್ಲಿ ಮನಸ್ಸು ಬದಲಿಸಿ ನೀರಿನಡಿಯ ಸ್ಕ್ರೂ ಚಾಲನೆಗೆ ತಿರುಗಿದ್ದರಿಂದ ಆ ದಂಡದ ಅಗತ್ಯವೇ ಇಲ್ಲವಾಯಿತು.

ಇತ್ತ ಫ್ರಾನ್ಸಿನ ಲ ಕ್ರೂಸೋ ಕಾರ್ಖಾನೆಯಲ್ಲಿ ಫ್ರಾನ್ಸ್ವಾ ಬೂರ್ದೋಂ ಅವರು ಅಂಥದೇ ಸುತ್ತಿಗೆಯನ್ನು ಕಟ್ಟಿ ನಡೆಸಿದ್ದರು. 1842ರಲ್ಲಿ ಅಲ್ಲಿಗೆ ಭೇಟಿಯಿತ್ತ ನ್ಯಾಸ್ಮಿತ್ ಅದನ್ನು ಕಣ್ಣಾರೆ ಕಂಡು, ಊರಿಗೆ ಮರಳಿ ಅದೇ ವರ್ಷ ಪೇಟೆಂಟ್ ಪಡೆದರು. ಮೊದಲಿಗರು ಯಾರೆಂಬ ವಾದ ಎರಡೂ ದೇಶಗಳಲ್ಲಿ ಬಹುಕಾಲ ನಡೆಯಿತು. ಕಲ್ಪನೆಯ ಶ್ರೇಯ ಯಾರಿಗೇ ಸಲ್ಲಲಿ, ಆ ಸುತ್ತಿಗೆಯನ್ನು ಕಮ್ಮಾರಸಾಲೆಯ ಹೊರಕ್ಕೆ ತಂದು ಪೈಲ್‌ನ ತಲೆಯ ಮೇಲೆ ಕೂರಿಸಿದ ಕೆಲಸ ನಿಸ್ಸಂದೇಹವಾಗಿ ನ್ಯಾಸ್ಮಿತ್ ಅವರದು. ಅವರ ಕಾರ್ಖಾನೆಯ ರಾಬರ್ಟ್ ವಿಲ್ಸನ್ ಅವರ ಹೆಸರನ್ನೂ ಇಲ್ಲಿ ಹೇಳಲೇಬೇಕು. ಸುತ್ತಿಗೆಯ ಚಲನೆಯಿಂದಲೇ ಕವಾಟ ತೆರೆದು ಮುಚ್ಚುವ ವ್ಯವಸ್ಥೆಯನ್ನು ಸರಿಪಡಿಸಿದವರು ಅವರು. ಕೈಯಿಂದ ಕವಾಟ ತಿರುಗಿಸಬೇಕಾಗಿದ್ದರೆ ನಿಮಿಷಕ್ಕೆ 60, 70 ಪೆಟ್ಟುಗಳ ಮಾತೇ ಬರುತ್ತಿರಲಿಲ್ಲ.

ಡೆವನ್‌ಪೋರ್ಟ್‌ನ ಪಂದ್ಯದಲ್ಲಿ ನಡೆದದ್ದೇನು?

ಪೈಲ್ ಸುತ್ತಿಗೆಯ ಮೊದಲ ದೊಡ್ಡ ಪರೀಕ್ಷೆ ನಡೆದದ್ದು 1845ರಲ್ಲಿ, ಇಂಗ್ಲೆಂಡಿನ ಡೆವನ್‌ಪೋರ್ಟ್ ನೌಕಾಂಗಣದ ವಿಸ್ತರಣೆಯ ಕೆಲಸದಲ್ಲಿ. ಹಳೆಯ ಪದ್ಧತಿಯ ಕೆಲಸಗಾರರಿಗೂ ಹೊಸ ಯಂತ್ರಕ್ಕೂ ಪಂದ್ಯ ಏರ್ಪಟ್ಟಿತು. ಎರಡೂ ಕಡೆಗೆ ಒಂದೇ ಅಳತೆಯ ಪೈಲ್‌ಗಳು: 70 ಅಡಿ ಉದ್ದ, 18 ಅಂಗುಲ ಚೌಕ. ನ್ಯಾಸ್ಮಿತ್ ಅವರೇ ದಾಖಲಿಸಿರುವಂತೆ ಉಗಿ ಸುತ್ತಿಗೆ ತನ್ನ ಪೈಲ್ ಅನ್ನು ನಾಲ್ಕೂವರೆ ನಿಮಿಷದಲ್ಲಿ ಇಳಿಸಿತು. ಹಳೆಯ ಪದ್ಧತಿಗೆ 12 ಗಂಟೆಗೂ ಹೆಚ್ಚು ಸಮಯ ಹಿಡಿಯಿತು.

ವೇಗದ ಈ ಅಂತರವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನನ್ನ ಮಟ್ಟಿಗೆ ಆ ದಿನದ ಮುಖ್ಯ ಸಾಕ್ಷಿ ಪೈಲ್‌ಗಳ ತಲೆಯಲ್ಲಿತ್ತು. ಹಳೆಯ ಪದ್ಧತಿಯಲ್ಲಿ ಮರದ ತಲೆ ಸೀಳಿಹೋಗದಿರಲೆಂದು ಕಬ್ಬಿಣದ ಬಳೆ ತೊಡಿಸುತ್ತಿದ್ದರು, ಆದರೂ ನಾರುಗಳು ಜಜ್ಜಿ ಕೆದರಿಹೋಗುತ್ತಿದ್ದವು. ಉಗಿ ಸುತ್ತಿಗೆಯಡಿಯ ಪೈಲ್ ಬಳೆಯಿಲ್ಲದೆಯೇ ನೆಟ್ಟಗೆ, ತಲೆ ಕೆಡದೆ ಇಳಿದಿತ್ತು. ಕೊಟ್ಟ ಶಕ್ತಿ ಎಲ್ಲಿ ಖರ್ಚಾಯಿತು ಎಂಬುದನ್ನು ಆ ಎರಡು ತಲೆಗಳೇ ಹೇಳುತ್ತಿದ್ದವು. ಒಂದರಲ್ಲಿ ಅದು ಮರವನ್ನು ಜಜ್ಜಲು ಹೋಗಿತ್ತು, ಇನ್ನೊಂದರಲ್ಲಿ ನೆಲವನ್ನು ಭೇದಿಸಲು ಹೋಗಿತ್ತು.

ಆನಂತರ ರಾಬರ್ಟ್ ಸ್ಟೀಫನ್‌ಸನ್ ಅವರು ನ್ಯೂಕ್ಯಾಸಲ್‌ನ ಹೈ ಲೆವೆಲ್ ಸೇತುವೆಗೂ ಬೆರಿಕ್‌ನ ರಾಯಲ್ ಬಾರ್ಡರ್ ಸೇತುವೆಗೂ ಈ ಯಂತ್ರವನ್ನು ಬಳಸಿದರು. ನ್ಯೂಕ್ಯಾಸಲ್‌ನಲ್ಲಿ 1846ರಲ್ಲಿ ಪೈಲ್ ಒಂದನ್ನು 32 ಅಡಿ ಆಳಕ್ಕೆ ನಾಲ್ಕು ನಿಮಿಷದಲ್ಲಿ ಇಳಿಸಲಾಯಿತು.

ರ್‍ಯಾಮ್ ಭಾರವಾಗಿದ್ದು ಕಡಿಮೆ ಎತ್ತರದಿಂದ ಬೀಳುವುದು ಏಕೆ ಮೇಲು? ಶಕ್ತಿ ಒಂದೇ ಅಲ್ಲವೇ?

ಈ ವಿಷಯದ ತಿರುಳೇ ಈ ಪ್ರಶ್ನೆ, ಆದ್ದರಿಂದ ಲೆಕ್ಕ ಹಾಕಿಯೇ ನೋಡೋಣ. 5,000 ಪೌಂಡಿನ ರ್‍ಯಾಮ್ 3 ಅಡಿ ಬಿದ್ದರೆ 15,000 ಅಡಿ-ಪೌಂಡು, ಅಂದರೆ ಸುಮಾರು 20 ಕಿಲೋಜೂಲ್ ಶಕ್ತಿ. 750 ಪೌಂಡಿನ ತೂಕ 20 ಅಡಿ ಬಿದ್ದರೂ ಅಷ್ಟೇ ಶಕ್ತಿ. ಆದರೆ ಮೊದಲನೆಯದು ಪೈಲ್ ಅನ್ನು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 4.2 ಮೀಟರ್ ಇದ್ದರೆ ಎರಡನೆಯದರ ವೇಗ ಸುಮಾರು 10.9 ಮೀಟರ್, ಎಂದರೆ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಪೆಟ್ಟು ಬಿದ್ದ ಕ್ಷಣದಲ್ಲಿ ಪೈಲ್‌ನ ತಲೆಯಲ್ಲಿ ಹುಟ್ಟುವ ಒತ್ತಡ ಮುಖ್ಯವಾಗಿ ತಾಗುವ ವೇಗವನ್ನು ಅವಲಂಬಿಸಿರುವುದರಿಂದ, ಹಗುರ ತೂಕ ಎತ್ತರದಿಂದ ಬಿದ್ದಾಗ ಆ ಒತ್ತಡ ಒಮ್ಮೆಗೇ ಏರಿ ಮರವನ್ನು ಸೀಳುತ್ತದೆ ಅಥವಾ ಕಾಂಕ್ರೀಟನ್ನು ಒಡೆಯುತ್ತದೆ, ಮತ್ತು ಪೈಲ್‌ನ ತುದಿ ಅಲುಗುವಷ್ಟರಲ್ಲಿ ಪೆಟ್ಟು ಮುಗಿದೇ ಹೋಗಿರುತ್ತದೆ.

ಭಾರವಾದ ರ್‍ಯಾಮ್ ಹಾಗಲ್ಲ. ಅದರ ಸಂವೇಗ ಅದೇ ಶಕ್ತಿಗೆ ಎರಡೂವರೆ ಪಟ್ಟು ಹೆಚ್ಚು. ಅದು ಪೈಲ್ ಅನ್ನು ಹೊಡೆಯುವುದಕ್ಕಿಂತ ಹೆಚ್ಚಾಗಿ ತಳ್ಳುತ್ತದೆ ಎನ್ನಬಹುದು. ತಳ್ಳಾಟ ಹೆಚ್ಚು ಹೊತ್ತು ಇರುವುದರಿಂದ ಬಲ ತುದಿಯವರೆಗೆ ಇಳಿಯುತ್ತದೆ. ಹಳೆಯ ಪದ್ಧತಿಯನ್ನು ನ್ಯಾಸ್ಮಿತ್ ಅವರು ಫಿರಂಗಿ ಗುಂಡಿನ ತತ್ವಕ್ಕೆ ಹೋಲಿಸುತ್ತಿದ್ದರು. ಗುಂಡು ತಾಗಿದ್ದನ್ನು ಛಿದ್ರ ಮಾಡುತ್ತದೆ, ಅದನ್ನು ಮುಂದಕ್ಕೆ ನೂಕುವುದಿಲ್ಲ.

ಇದರ ಜೊತೆಗೆ ಪೆಟ್ಟುಗಳ ನಡುವಿನ ಬಿಡುವಿನ ವಿಚಾರವಿದೆ. ನೀರು ತುಂಬಿದ ಜೇಡಿಮಣ್ಣಿನಲ್ಲಿ ಪೈಲ್ ಇಳಿಯುವಾಗ ಸುತ್ತಲಿನ ಮಣ್ಣು ಕಲಕಿ, ಅದರೊಳಗಿನ ನೀರಿನ ಒತ್ತಡ ಏರಿ, ಹಿಡಿತ ತಾತ್ಕಾಲಿಕವಾಗಿ ಸಡಿಲವಾಗುತ್ತದೆ. ಬಡಿತ ನಿಂತರೆ ನೀರು ಹಿಂಜರಿದು ಮಣ್ಣು ಮತ್ತೆ ಕಚ್ಚಿಕೊಳ್ಳುತ್ತದೆ. ಅರ್ಧ ಇಳಿದ ಪೈಲ್ ಅನ್ನು ಸಂಜೆ ಬಿಟ್ಟುಹೋಗಿ ಮರುದಿನ ಬೆಳಿಗ್ಗೆ ಮುಂದುವರಿಸಲು ಹೊರಟವರಿಗೆ ಈ ಕಚ್ಚುವಿಕೆ ಎಷ್ಟು ಗಟ್ಟಿ ಎಂಬುದು ಚೆನ್ನಾಗಿ ಗೊತ್ತು. ಸೆಕೆಂಡಿಗೊಂದು ಪೆಟ್ಟು ಬೀಳುತ್ತಿದ್ದರೆ ಮಣ್ಣಿಗೆ ಸುಧಾರಿಸಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ.

ಸಿಂಗಲ್ ಆಕ್ಟಿಂಗ್ ಸುತ್ತಿಗೆಯ ಒಳಗೆ ಏನೇನು ನಡೆಯುತ್ತದೆ?

ಇದರಲ್ಲಿ ಉಗಿ ರ್‍ಯಾಮ್ ಅನ್ನು ಎತ್ತುತ್ತದೆ, ಅಷ್ಟೇ. ಇಳಿಸುವುದು ಗುರುತ್ವ. 1880ರ ದಶಕದ ಕೊನೆಯಲ್ಲಿ ಅಮೆರಿಕದ ಷಿಕಾಗೋದ ವಲ್ಕನ್ ಐರನ್ ವರ್ಕ್ಸ್ ಹೊರತಂದ ವಾರಿಂಗ್ಟನ್ ಸುತ್ತಿಗೆ ಈ ಬಗೆಯ ಮಾದರಿ ಯಂತ್ರವಾಯಿತು. ಅದರ ‘ನಂಬರ್ 1’ ಅಳತೆಯಲ್ಲಿ 5,000 ಪೌಂಡಿನ ರ್‍ಯಾಮ್, 36 ಅಂಗುಲದ ಬೀಳು, ನಿಮಿಷಕ್ಕೆ 60 ಪೆಟ್ಟು. ಮೇಲೆ ಲೆಕ್ಕಕ್ಕೆ ಹಿಡಿದದ್ದು ಅದನ್ನೇ.

ನೋಟಕ್ಕೆ ಅದು ತೆರೆದ ಚೌಕಟ್ಟು. ಅಡಿಯಲ್ಲಿ ಬೇಸ್, ಇಕ್ಕೆಲಗಳಲ್ಲಿ ಕಂಬಗಳು, ನೆತ್ತಿಯಲ್ಲಿ ಸಿಲಿಂಡರ್. ಕಂಬಗಳ ನಡುವೆ ರ್‍ಯಾಮ್ ಏರಿಳಿಯುತ್ತದೆ. ರ್‍ಯಾಮ್‌ನಿಂದ ಮೇಲಕ್ಕೆ ಹೋಗುವ ಪಿಸ್ಟನ್ ದಂಡ ಸಿಲಿಂಡರಿನ ತಳವನ್ನು ಹಾದು ಪಿಸ್ಟನ್ ಅನ್ನು ಸೇರುತ್ತದೆ. ರ್‍ಯಾಮ್‌ಗೆ ಪಕ್ಕದಲ್ಲಿ ಒಂದು ಜಾರುಪಟ್ಟಿ ಜೋಡಿಸಿರುತ್ತಾರೆ, ಅದರ ಮೇಲೆ ಎರಡು ಬೆಣೆಗಳಿರುತ್ತವೆ. ಕವಾಟದ ತೋಳಿಗೆ ತಾಗುವುದು ಈ ಬೆಣೆಗಳೇ.

ಒಂದು ಪೆಟ್ಟಿನ ಅವಧಿಯನ್ನು ನಿಧಾನವಾಗಿ ನೋಡೋಣ. ಕವಾಟ ತೆರೆದು ಉಗಿ ಪಿಸ್ಟನ್ನಿನ ಕೆಳಗೆ ನುಗ್ಗುತ್ತದೆ, ರ್‍ಯಾಮ್ ಏರುತ್ತದೆ. ಮೇಲ್ತುದಿಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ಒಂದು ಬೆಣೆ ಕವಾಟದ ತೋಳನ್ನು ತಳ್ಳಿ ಉಗಿಯ ಒಳದಾರಿಯನ್ನು ಮುಚ್ಚಿ ಹೊರದಾರಿಯನ್ನು ತೆರೆಯುತ್ತದೆ. ರ್‍ಯಾಮ್ ತನ್ನ ಓಟದ ರಭಸದಲ್ಲಿಯೇ ಉಳಿದ ಎತ್ತರವನ್ನು ಏರಿ, ಕ್ಷಣಮಾತ್ರ ನಿಂತು, ಬೀಳತೊಡಗುತ್ತದೆ. ಬಳಸಿದ ಉಗಿ ಬುಸ್ಸೆಂದು ಹೊರಬೀಳುತ್ತದೆ. ಮೂರು ಅಡಿ ಬೀಳಲು ಬೇಕಾಗುವುದು 0.43 ಸೆಕೆಂಡ್, ಸೆಕೆಂಡಿಗೊಂದು ಪೆಟ್ಟಿನ ಲೆಕ್ಕದಲ್ಲಿ ಏರಿಕೆಗೂ ಕವಾಟದ ಹೊರಳಿಕೆಗೂ ಉಳಿಯುವುದು 0.57 ಸೆಕೆಂಡ್ ಮಾತ್ರ. ಪೆಟ್ಟು ಬೀಳುವ ಹೊತ್ತಿಗೆ ಇನ್ನೊಂದು ಬೆಣೆ ಕವಾಟವನ್ನು ಮತ್ತೆ ಹೊರಳಿಸುತ್ತದೆ.

ಕುಶಲತೆಯೆಲ್ಲ ಈ ಎರಡನೆಯ ಬೆಣೆಯ ಹೊಂದಾಣಿಕೆಯಲ್ಲಿದೆ. ಪೆಟ್ಟಿಗೆ ಮೊದಲೇ ಉಗಿ ಒಳಬಂದರೆ ಅದು ಬೀಳುತ್ತಿರುವ ರ್‍ಯಾಮ್‌ಗೆ ಅಡಿಯಿಂದ ದಿಂಬು ಹಿಡಿದಂತಾಗುತ್ತದೆ. ಶಬ್ದ ಸರಿಯಾಗಿಯೇ ಕೇಳುತ್ತದೆ, ಪೆಟ್ಟುಗಳ ಎಣಿಕೆಯೂ ಸರಿಯಾಗಿರುತ್ತದೆ, ಆದರೆ ಪೈಲ್ ಇಳಿಯುವುದಿಲ್ಲ. ಅದನ್ನು ನೋಡಿ ಪೈಲ್ ಗಟ್ಟಿ ಪದರ ಮುಟ್ಟಿದೆಯೆಂದು ತಿಳಿದುಬಿಡುವ ಅಪಾಯವಿದೆ. ತಡವಾಗಿ ಬಂದರೆ ಬರಿಯ ವೇಗ ಕುಗ್ಗುತ್ತದೆ. ಇವೆರಡರಲ್ಲಿ ಮೊದಲ ತಪ್ಪು ಬಹಳ ಹೆಚ್ಚು ಕೆಟ್ಟದ್ದು.

ತಿಕ್ಕಾಟ ಮತ್ತು ಹೊರಹೋಗುವ ಉಗಿಯ ಎದುರೊತ್ತಡದಿಂದ ಸ್ವಲ್ಪ ಶಕ್ತಿ ಹೇಗೂ ನಷ್ಟವಾಗುತ್ತದೆ. ಈಗಿನ ಲೆಕ್ಕಗಳಲ್ಲಿ ಸಿಂಗಲ್ ಆಕ್ಟಿಂಗ್ ಸುತ್ತಿಗೆಯ ದಕ್ಷತೆಯನ್ನು ಸಾಮಾನ್ಯವಾಗಿ ಶೇಕಡಾ 67 ಎಂದು ಹಿಡಿಯುತ್ತಾರೆ.

ಡಬಲ್ ಆಕ್ಟಿಂಗ್ ಮತ್ತು ಡಿಫರೆನ್ಷಿಯಲ್ ಸುತ್ತಿಗೆಗಳು ಹೇಗೆ ಬೇರೆ?

ಡಬಲ್ ಆಕ್ಟಿಂಗ್ ಬಗೆಯಲ್ಲಿ ಉಗಿ ಎತ್ತುವುದಷ್ಟೇ ಅಲ್ಲ, ಪಿಸ್ಟನ್ನಿನ ಮೇಲ್ಭಾಗಕ್ಕೂ ಬಂದು ರ್‍ಯಾಮ್ ಅನ್ನು ಕೆಳಕ್ಕೆ ಒತ್ತುತ್ತದೆ. ಆದ್ದರಿಂದ ಹಗುರ ರ್‍ಯಾಮ್, ಗಿಡ್ಡ ಬೀಳು, ಬಿರುಸಾದ ಪೆಟ್ಟು. ಮ್ಯಾಕ್‌ಕೀರ್ನನ್-ಟೆರಿ ಸಂಸ್ಥೆಯ 9ಬಿ3 ಎಂಬ ಸುತ್ತಿಗೆಯ ರ್‍ಯಾಮ್ ತೂಕ 1,600 ಪೌಂಡು, ನಿಮಿಷಕ್ಕೆ 145 ಪೆಟ್ಟು. ಒಂದರ ಪಕ್ಕ ಒಂದನ್ನು ಕೊಂಡಿಹಾಕಿ ಇಳಿಸುವ ಉಕ್ಕಿನ ಶೀಟ್ ಪೈಲ್‌ಗಳಿಗೆ ಇವು ಹೇಳಿಮಾಡಿಸಿದಂತಿದ್ದವು. ಮೈಯೆಲ್ಲ ಮುಚ್ಚಿದ ರಚನೆಯಾದ್ದರಿಂದ ಸರಿಯಾದ ಕೊಳವೆಗಳನ್ನು ಜೋಡಿಸಿ ನೀರಿನೊಳಗೂ ನಡೆಸಬಹುದಿತ್ತು. ಇದೇ ತತ್ವದಲ್ಲಿ ಪೆಟ್ಟಿನ ದಿಕ್ಕನ್ನು ಮೇಲ್ಮುಖ ಮಾಡಿ ಪೈಲ್ ಕೀಳುವ ಯಂತ್ರಗಳನ್ನೂ ಮಾಡಿದರು.

ಡಿಫರೆನ್ಷಿಯಲ್ ಸುತ್ತಿಗೆ ಇವೆರಡರ ನಡುವಿನದು. ಅದರಲ್ಲಿ ಒಂದೇ ದಂಡದ ಮೇಲೆ ದೊಡ್ಡದೊಂದು, ಚಿಕ್ಕದೊಂದು ಪಿಸ್ಟನ್ ಇರುತ್ತದೆ. ಅವುಗಳ ನಡುವೆ ಉಗಿಯ ಒತ್ತಡ ಸದಾ ಇರುವುದರಿಂದ ರ್‍ಯಾಮ್ ಏರುತ್ತದೆ. ದೊಡ್ಡ ಪಿಸ್ಟನ್ನಿನ ಮೇಲೂ ಉಗಿ ಬಿಟ್ಟಾಗ ಮೇಲಿನ ಬಲ ಹೆಚ್ಚಾಗಿ ರ್‍ಯಾಮ್ ಕೆಳಕ್ಕೆ ನೂಕಲ್ಪಡುತ್ತದೆ. ವಲ್ಕನ್ 80ಸಿ ಮಾದರಿಯಲ್ಲಿ 8,000 ಪೌಂಡಿನ ರ್‍ಯಾಮ್ ಕೇವಲ 16.5 ಅಂಗುಲ ಚಲಿಸಿ 24,450 ಅಡಿ-ಪೌಂಡು ಶಕ್ತಿಯನ್ನು ನಿಮಿಷಕ್ಕೆ 111 ಬಾರಿ ಕೊಡುತ್ತಿತ್ತು. ಭಾಗಿಸಿ ನೋಡಿದರೆ ರ್‍ಯಾಮ್ ಸುಮಾರು 17,800 ಪೌಂಡು ತೂಗಿದಂತೆ ಬೀಳುತ್ತದೆ. ಅದರಲ್ಲಿ ಸ್ವಂತ ತೂಕ 8,000, ಉಳಿದ 9,800ರಷ್ಟು ಉಗಿಯ ಕೊಡುಗೆ.

ಹಾಗಾದರೆ ಒತ್ತಡ ಹೆಚ್ಚಿಸಿದಷ್ಟೂ ಪೆಟ್ಟು ಬಲವಾಗುತ್ತದೆಯೇ?

ಇಲ್ಲ. ಉಗಿ ರ್‍ಯಾಮ್ ಅನ್ನು ಎಷ್ಟು ಬಲದಿಂದ ಕೆಳಕ್ಕೆ ಒತ್ತುತ್ತದೆಯೋ ಅಷ್ಟೇ ಬಲದಿಂದ ಸಿಲಿಂಡರನ್ನು ಮೇಲಕ್ಕೆ ಒತ್ತುತ್ತದೆ. ಆ ಬಲ ಸುತ್ತಿಗೆಯ ನಿಲ್ಲುವ ಭಾಗಗಳ ತೂಕವನ್ನು ಮೀರಿದರೆ ಇಡೀ ಸುತ್ತಿಗೆ ಪೈಲ್‌ನಿಂದ ಎದ್ದು ಕುಣಿಯತೊಡಗುತ್ತದೆ. ಆಗ ಪೆಟ್ಟು ಓರೆಯಾಗಿ ಬೀಳುತ್ತದೆ, ಬೋಲ್ಟುಗಳು ಸಡಿಲವಾಗುತ್ತವೆ, ಪಿಸ್ಟನ್ ದಂಡ ಮುರಿಯುವುದೂ ಉಂಟು. ಹೀಗಾಗಿ ಡಬಲ್ ಆಕ್ಟಿಂಗ್ ಅಥವಾ ಡಿಫರೆನ್ಷಿಯಲ್ ಸುತ್ತಿಗೆ ಒಂದು ಪೆಟ್ಟಿಗೆ ಕೊಡಬಲ್ಲ ಶಕ್ತಿಯ ಮೇಲ್ಮಿತಿ ಅದರ ಒಟ್ಟು ತೂಕವನ್ನು ಚಲನೆಯ ಎತ್ತರದಿಂದ ಗುಣಿಸಿದಷ್ಟೇ. ಸಿಂಗಲ್ ಆಕ್ಟಿಂಗ್ ಸುತ್ತಿಗೆಯಲ್ಲಂತೂ ಪೂರ್ತಿ ಎತ್ತರಕ್ಕೆ ಏರಿದ ಮೇಲೆ ಹೆಚ್ಚಿನ ಒತ್ತಡದಿಂದ ಪೆಟ್ಟಿಗೆ ಯಾವ ಲಾಭವೂ ಇಲ್ಲ.

ಸುತ್ತಿಗೆಗೂ ಪೈಲ್‌ಗೂ ನಡುವೆ ಮರದ ತುಂಡು ಇಡುವುದೇಕೆ?

ಲೋಹಕ್ಕೆ ಲೋಹ ನೇರವಾಗಿ ತಾಗಿದರೆ ಎರಡೂ ಕೆಡುತ್ತವೆ. ಆದ್ದರಿಂದ ಪೈಲ್‌ನ ತಲೆಗೆ ಉಕ್ಕಿನ ಟೋಪಿಯೊಂದನ್ನು ತೊಡಿಸಿ, ಅದರ ಮೇಲಿನ ಗುಳಿಯಲ್ಲಿ ಗಟ್ಟಿಮರದ ದಪ್ಪ ದಿಮ್ಮಿಯನ್ನು ಕೂರಿಸುತ್ತಿದ್ದರು. ನಾರು ನೆಟ್ಟಗೆ ನಿಲ್ಲುವಂತೆ ಇಡಬೇಕು. ಅಡ್ಡ ಇಟ್ಟರೆ ಬೇಗ ಸಿಬಿರಾಗುತ್ತದೆ.

ಈ ದಿಮ್ಮಿಯ ಬದುಕು ಚಿಕ್ಕದು, ಆದರೆ ಗಮನಿಸತಕ್ಕದ್ದು. ಹೊಸದಾಗಿ ಇಟ್ಟಾಗ ಅದು ಮೆತ್ತಗಿರುತ್ತದೆ, ಪ್ರತಿ ಪೆಟ್ಟಿನ ಒಂದಿಷ್ಟು ಶಕ್ತಿಯನ್ನು ತಾನೇ ನುಂಗುತ್ತದೆ. ನೂರಾರು ಪೆಟ್ಟು ಬಿದ್ದ ಮೇಲೆ ನಾರುಗಳು ಒತ್ತಿಕೊಂಡು ಗಟ್ಟಿಯಾಗುತ್ತವೆ, ಬಿಸಿಯೇರುತ್ತದೆ, ಅಂಚಿನಿಂದ ಸಣ್ಣಗೆ ಹೊಗೆ ಏಳುತ್ತದೆ. ಈ ಹಂತದಲ್ಲಿ ಪೆಟ್ಟು ಚೆನ್ನಾಗಿ ದಾಟುತ್ತದೆ. ಕೊನೆಗೆ ಕರಕಲಾಗಿ ಪೊರಕೆಯಂತೆ ಬಿಡಿಬಿಡಿಯಾಗುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ, ಬದಲಿಸಲೇಬೇಕಾಗುತ್ತದೆ. ಹೊಸ ದಿಮ್ಮಿ ಹಾಕಿದ ತಕ್ಷಣ ಎಣಿಸಿದ ಪೆಟ್ಟುಗಳನ್ನು ನಂಬಬಾರದು. ಪೈಲ್ ಇಳಿಯದಿರುವುದಕ್ಕೆ ನೆಲ ಕಾರಣವಾಗಿರದೆ ಈ ಮರವೇ ಕಾರಣವಾಗಿರಬಹುದು. ತಿಳಿದ ಮೇಸ್ತ್ರಿಗಳು ಅಂತಿಮ ಅಳತೆಗೆ ಮುನ್ನ ದಿಮ್ಮಿಯನ್ನು ಬದಲಿಸಲು ಬಿಡುತ್ತಿರಲಿಲ್ಲ. ಮುಂದೆ ಮೈಕಾರ್ಟಾ (ರಾಳದಲ್ಲಿ ನೆನೆಸಿ ಪದರಪದರವಾಗಿ ಒತ್ತಿದ ಗಟ್ಟಿ ವಸ್ತು) ಮತ್ತು ಅಲ್ಯೂಮಿನಿಯಂ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸುವ ಪದ್ಧತಿ ಬಂದು ಈ ಏರುಪೇರು ಬಹಳ ತಗ್ಗಿತು.

ಪೆಟ್ಟುಗಳನ್ನು ಎಣಿಸಿ ಪೈಲ್ ಎಷ್ಟು ಭಾರ ಹೊರುತ್ತದೆಂದು ಹೇಳಬಹುದೇ?

ಹೇಳಬಹುದು ಎಂಬ ನಂಬಿಕೆಯಿಂದ ಅನೇಕ ಸೂತ್ರಗಳು ಹುಟ್ಟಿದವು. ಅತಿ ಪ್ರಸಿದ್ಧವಾದದ್ದು 1888ರಲ್ಲಿ ಎ. ಎಂ. ವೆಲಿಂಗ್ಟನ್ ಅವರು ಕೊಟ್ಟ ‘ಎಂಜಿನಿಯರಿಂಗ್ ನ್ಯೂಸ್’ ಪತ್ರಿಕೆಯ ಹೆಸರಿನ ಸೂತ್ರ. ಉಗಿ ಸುತ್ತಿಗೆಗೆ ಅದರ ರೂಪ ಸರಳ: ಒಂದು ಪೆಟ್ಟಿನ ಶಕ್ತಿಯನ್ನು ಅಡಿ-ಪೌಂಡಿನಲ್ಲಿ ತೆಗೆದುಕೊಂಡು ಎರಡರಿಂದ ಗುಣಿಸಿ, ಒಂದು ಪೆಟ್ಟಿಗೆ ಪೈಲ್ ಇಳಿದ ಅಂಗುಲಕ್ಕೆ 0.1 ಸೇರಿಸಿ ಅದರಿಂದ ಭಾಗಿಸುವುದು. 15,000 ಅಡಿ-ಪೌಂಡಿನ ಸುತ್ತಿಗೆಯಡಿ ಪೈಲ್ ಪೆಟ್ಟಿಗೆ 0.2 ಅಂಗುಲ ಇಳಿಯುತ್ತಿದ್ದರೆ ಸುರಕ್ಷಿತ ಹೊರೆ 1,00,000 ಪೌಂಡು, 0.1 ಅಂಗುಲವಾದರೆ 1,50,000. ಬೀಳುತೂಕಕ್ಕಾದರೆ 0.1ರ ಬದಲು 1 ಸೇರಿಸಬೇಕು. ಹಳೆಯ ಪದ್ಧತಿಯಲ್ಲಿ ಎಷ್ಟು ಶಕ್ತಿ ಪೋಲಾಗುತ್ತದೆಂದು ಆ ಕಾಲದ ಎಂಜಿನಿಯರುಗಳು ಭಾವಿಸಿದ್ದರು ಎಂಬುದು ಈ ಒಂದು ಅಂಕಿಯಿಂದಲೇ ತಿಳಿಯುತ್ತದೆ.

ಸೂತ್ರದಲ್ಲಿ ಆರು ಪಟ್ಟಿನ ಸುರಕ್ಷತೆಯನ್ನು ಸೇರಿಸಿದ್ದರೂ ಅದು ಭರವಸೆಗೆ ಯೋಗ್ಯವಲ್ಲ ಎಂಬುದೇ ನನ್ನ ಖಚಿತ ಅಭಿಪ್ರಾಯ. ಪೈಲ್‌ನ ಉದ್ದ, ಅದರ ತೂಕ, ನಡುವೆ ಮೆತ್ತೆಯಾಗಿರುವ ದಿಮ್ಮಿಯ ಸ್ಥಿತಿ, ಮಣ್ಣು ಆಮೇಲೆ ಕಚ್ಚಿಕೊಳ್ಳುವ ಪ್ರಮಾಣ ಯಾವುದೂ ಅದರಲ್ಲಿಲ್ಲ. ಉದ್ದನೆಯ ಪೈಲ್ ಒಂದೇ ಗಟ್ಟಿ ವಸ್ತುವಿನಂತೆ ಒಮ್ಮೆಗೇ ಚಲಿಸುವುದಿಲ್ಲ. ಪೆಟ್ಟು ಅದರೊಳಗೆ ಅಲೆಯಾಗಿ ಇಳಿದು ತುದಿಯಿಂದ ಮರಳಿ ಬರುತ್ತದೆ. ಆಸ್ಟ್ರೇಲಿಯಾದ ಡಿ. ವಿ. ಐಸಾಕ್ಸ್ ಅವರು 1931ರಲ್ಲಿಯೇ ಇದನ್ನು ಎತ್ತಿ ತೋರಿಸಿದ್ದರು. ಪೈಲ್ ಕಂಪನಿಯೊಂದರಲ್ಲಿಯೇ ಎಂಜಿನಿಯರ್ ಆಗಿದ್ದ ಅಮೆರಿಕದ ಇ. ಎ. ಎಲ್. ಸ್ಮಿತ್ ಅವರು ಸುತ್ತಿಗೆ, ಮೆತ್ತೆ, ಪೈಲ್ ಮತ್ತು ಮಣ್ಣನ್ನು ತೂಕಗಳ ಮತ್ತು ಸ್ಪ್ರಿಂಗುಗಳ ಸರಪಳಿಯಾಗಿ ವಿಭಾಗಿಸಿ ಕಂಪ್ಯೂಟರಿನಿಂದ ಲೆಕ್ಕ ಹಾಕುವ ವಿಧಾನವನ್ನು 1960ರಲ್ಲಿ ಪ್ರಕಟಿಸಿದರು. ಈಗ ಬಳಕೆಯಲ್ಲಿರುವ ವಿಶ್ಲೇಷಣೆಗಳಿಗೆ ಅದೇ ತಳಹದಿ.

ಬಾಯ್ಲರ್ ಎಲ್ಲಿರುತ್ತಿತ್ತು? ಉಗಿ ಸುತ್ತಿಗೆಯವರೆಗೆ ಹೇಗೆ ತಲುಪುತ್ತಿತ್ತು?

ನ್ಯಾಸ್ಮಿತ್ ಅವರ ಯಂತ್ರದಲ್ಲಿ ಬಾಯ್ಲರ್, ಪೈಲ್ ಎತ್ತುವ ಪುಟ್ಟ ಎಂಜಿನ್, ಎತ್ತರದ ಮಾರ್ಗದರ್ಶಿ ಕಂಬ ಎಲ್ಲವೂ ಹಳಿಗಳ ಮೇಲೆ ಸಾಗುವ ಒಂದೇ ವೇದಿಕೆಯಲ್ಲಿದ್ದವು. ಇಳಿಯುತ್ತಲೇ ಇರುವ ಸುತ್ತಿಗೆಗೆ ಕೀಲುಗಳುಳ್ಳ ಕಬ್ಬಿಣದ ಕೊಳವೆ ಉಗಿಯನ್ನು ಒಯ್ಯುತ್ತಿತ್ತು. ಬಾಗುವ ಹೋಸ್ ಪೈಪುಗಳು ಬಂದ ಮೇಲೆ ಈ ಕೆಲಸ ಸುಲಭವಾಯಿತು, ಆದರೆ ಒತ್ತಡದಲ್ಲಿರುವ ಹೋಸ್ ಕಳಚಿಕೊಂಡರೆ ಚಾವಟಿಯಂತೆ ಬೀಸುತ್ತದೆ, ಸುಡುವ ಉಗಿಯನ್ನೂ ಕಾರುತ್ತದೆ.

ಕೆಲಸ ಶುರುವಾಗುವಾಗ ತಣ್ಣಗಿರುವ ಸಿಲಿಂಡರಿನಲ್ಲಿ ಉಗಿ ನೀರಾಗುತ್ತದೆ. ನೀರು ಸಂಕುಚಿಸುವುದಿಲ್ಲವಾದ್ದರಿಂದ ಅದನ್ನು ಹೊರಬಿಡದೆ ಒಮ್ಮೆಗೇ ಪೂರ್ತಿ ಉಗಿ ಕೊಟ್ಟರೆ ಸಿಲಿಂಡರಿನ ಮುಚ್ಚಳವೇ ಒಡೆಯಬಹುದು. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ಉಗಿ ಬಿಟ್ಟು, ನೀರನ್ನು ಬಸಿದು, ಸಿಲಿಂಡರನ್ನು ಬಿಸಿ ಮಾಡಿಕೊಂಡೇ ಹೊಡೆತ ಆರಂಭಿಸಬೇಕಿತ್ತು.

ಇಂಧನದ ದೃಷ್ಟಿಯಿಂದ ಇದು ದುಂದುಗಾರ ಯಂತ್ರ. ಪ್ರತಿ ಬಾರಿ ಸಿಲಿಂಡರ್ ತುಂಬ ಉಗಿ ತೆಗೆದುಕೊಂಡು, ಅದು ಹಿಗ್ಗಿ ಕೆಲಸ ಮಾಡಲು ಅವಕಾಶ ಕೊಡದೆ ಹೊರಗೆ ಚೆಲ್ಲುತ್ತದೆ. ಬಾಯ್ಲರಿನ ಶಾಖದಲ್ಲಿ ನೂರಕ್ಕೆ ಕೆಲವೇ ಪಾಲು ಮಾತ್ರ ಪೆಟ್ಟಾಗಿ ಬದಲಾಗುತ್ತದೆ.

ಉಗಿಯ ಬದಲು ಗಾಳಿಯನ್ನು ಬಳಸಬಹುದೇ?

ಬಳಸಬಹುದು, ಬಳಸಿದ್ದಾರೆ. ದೊಡ್ಡ ಏರ್ ಕಂಪ್ರೆಸರುಗಳು ಸುಲಭವಾಗಿ ಸಿಗತೊಡಗಿದ ಮೇಲೆ ಅದೇ ಸುತ್ತಿಗೆಗಳನ್ನು ಗಾಳಿಯಿಂದ ನಡೆಸಿದರು. ಕೀಲೆಣ್ಣೆ ಬೇರೆಯಾಗಬೇಕು, ಜೊತೆಗೆ ಗಾಳಿ ಹಿಗ್ಗುವಾಗ ತಣ್ಣಗಾಗುವುದರಿಂದ ತೇವಾಂಶ ಹೊರದಾರಿಯಲ್ಲಿ ಹಿಮವಾಗಿ ಕಟ್ಟಿಕೊಳ್ಳುವ ತೊಂದರೆಯನ್ನು ನೋಡಿಕೊಳ್ಳಬೇಕು.

ಅತಿ ದೊಡ್ಡ ಉಗಿ ಸುತ್ತಿಗೆಗಳು ಎಲ್ಲಿ ಕೆಲಸ ಮಾಡಿದವು?

ಸಮುದ್ರದಲ್ಲಿ. ಎರಡನೆಯ ಮಹಾಯುದ್ಧದ ನಂತರ ಮೆಕ್ಸಿಕೋ ಕೊಲ್ಲಿಯಲ್ಲಿಯೂ ಆಮೇಲೆ ಉತ್ತರ ಸಮುದ್ರದಲ್ಲಿಯೂ ತೈಲ ವೇದಿಕೆಗಳನ್ನು ನಿಲ್ಲಿಸಲು ಉಕ್ಕಿನ ಕೊಳವೆಯಂಥ ಬೃಹತ್ ಪೈಲ್‌ಗಳನ್ನು ಸಮುದ್ರತಳಕ್ಕೆ ಇಳಿಸಬೇಕಾಯಿತು. ಕ್ರೇನ್ ಹೊತ್ತ ನಾವೆಗಳಲ್ಲಿ ಬಾಯ್ಲರುಗಳಿಗೆ ಜಾಗವಿತ್ತು. ವಲ್ಕನ್ 060ರ ರ್‍ಯಾಮ್ 60,000 ಪೌಂಡು ತೂಗುತ್ತಿತ್ತು. ಅದೇ ಸಂಸ್ಥೆಯ 6300 ಮಾದರಿಯಲ್ಲಿ ರ್‍ಯಾಮ್ 3,00,000 ಪೌಂಡು, ಅಂದರೆ ಸುಮಾರು 136 ಟನ್. ಆರು ಅಡಿ ಬಿದ್ದು 18 ಲಕ್ಷ ಅಡಿ-ಪೌಂಡು ಶಕ್ತಿ. ಜರ್ಮನಿಯ ಮೆಂಕ್ ಸಂಸ್ಥೆಯ ಎಂಆರ್‌ಬಿಎಸ್ 12500ರ ರ್‍ಯಾಮ್ 125 ಟನ್ನಿನದು. ನ್ಯಾಸ್ಮಿತ್ ಅವರ ಸುತ್ತಿಗೆಯ ಬೀಳು ಸುಮಾರು ಮೂರು ಅಡಿ. ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲದಲ್ಲಿ ತೂಕ ಹತ್ತಾರು ಪಟ್ಟು ಬೆಳೆದರೂ ಬೀಳು ಎರಡು ಪಟ್ಟಾದದ್ದೇ ಹೆಚ್ಚು.

ಹಾಗಿದ್ದರೂ ಉಗಿ ಸುತ್ತಿಗೆ ಹಿಂದೆ ಸರಿದದ್ದೇಕೆ?

ಸುತ್ತಿಗೆಯ ದೋಷದಿಂದಲ್ಲ, ಬಾಯ್ಲರಿನ ಭಾರದಿಂದ. 1930ರ ದಶಕದಲ್ಲಿ ಜರ್ಮನಿಯಲ್ಲಿ ಬೆಳೆದ ಡೀಸೆಲ್ ಸುತ್ತಿಗೆ ತನ್ನ ಇಂಧನವನ್ನು ತಾನೇ ಹೊತ್ತು, ರ್‍ಯಾಮ್ ಬೀಳುವಾಗಲೇ ಅದನ್ನು ಹೊತ್ತಿಸಿಕೊಂಡು ಮೇಲೇಳುತ್ತದೆ. ಅದಕ್ಕೆ ಬಾಯ್ಲರೂ ಬೇಡ, ನೀರೂ ಬೇಡ, ಬೆಳಗಿನ ಜಾವ ಎದ್ದು ಬೆಂಕಿ ಹಾಕುವವರೂ ಬೇಡ. ಆಳ ಸಮುದ್ರಕ್ಕೆ ಹೈಡ್ರಾಲಿಕ್ ಸುತ್ತಿಗೆಗಳು ಬಂದವು. ಅವು ನೀರಿನಡಿಯಲ್ಲಿ ನಡೆಯುತ್ತವೆ, ಪ್ರತಿ ಪೆಟ್ಟಿನ ಶಕ್ತಿಯನ್ನು ಅಳೆದು ತೋರಿಸುತ್ತವೆ. ಆದರೂ ಮೆತ್ತನೆಯ ನೆಲದಲ್ಲಿ ಉಗಿ ಅಥವಾ ಗಾಳಿಯ ಸುತ್ತಿಗೆಗೆ ಒಂದು ಹಿರಿಮೆ ಉಳಿದೇ ಇದೆ. ಡೀಸೆಲ್ ಸುತ್ತಿಗೆಗೆ ಮೇಲೇಳಲು ನೆಲದ ಎದುರುಬಲ ಬೇಕು, ಪೈಲ್ ಸಲೀಸಾಗಿ ಇಳಿದುಹೋದರೆ ಅದು ಸರಿಯಾಗಿ ಹೊತ್ತದೆ ನಿಂತುಬಿಡುತ್ತದೆ. ಉಗಿ ಸುತ್ತಿಗೆ ನೆಲ ಹೇಗೇ ಇರಲಿ ಅದೇ ಎತ್ತರಕ್ಕೆ ಏರುತ್ತದೆ.

ಹಳೆಯ ಸುತ್ತಿಗೆಯೊಂದು ಎದುರಾದರೆ ಅದು ಯಾವ ಬಗೆಯದೆಂದು ಗುರುತಿಸುವುದು ಹೇಗೆ?

ಮೊದಲು ಕಂಬಗಳ ನಡುವೆ ರ್‍ಯಾಮ್ ಬಯಲಾಗಿ ಕಾಣುತ್ತದೆಯೇ ಎಂದು ನೋಡಬೇಕು. ಕಾಣುತ್ತಿದ್ದು, ಬದಿಯಲ್ಲಿ ಬೆಣೆಗಳಿರುವ ಜಾರುಪಟ್ಟಿ ಇದ್ದು, ಮೂರು ಅಡಿಯಷ್ಟು ಓಡಾಟದ ಜಾಗವಿದ್ದರೆ ಅದು ಬಹುಮಟ್ಟಿಗೆ ಸಿಂಗಲ್ ಆಕ್ಟಿಂಗ್. ಅದೇ ಚೌಕಟ್ಟಿನಲ್ಲಿ ಓಡಾಟದ ಜಾಗ ಒಂದೂವರೆ ಅಡಿಗೆ ಇಳಿದು, ಮೇಲಿನ ಸಿಲಿಂಡರ್ ಎರಡು ಬೇರೆ ಬೇರೆ ವ್ಯಾಸಗಳಲ್ಲಿ ಮೆಟ್ಟಿಲಾಗಿದ್ದರೆ ಡಿಫರೆನ್ಷಿಯಲ್ ಎಂದು ತಿಳಿಯಬಹುದು. ಸುತ್ತಲೂ ಮುಚ್ಚಿದ ಉದ್ದನೆಯ ಪೆಟ್ಟಿಗೆಯಂತಿದ್ದರೆ ಅದು ಡಬಲ್ ಆಕ್ಟಿಂಗ್. ದಂಡ ಕದಲದೆ ನಿಂತು ಸಿಲಿಂಡರೇ ರ್‍ಯಾಮ್ ಆಗಿ ಏರಿಳಿಯುವ ಇನ್ನೊಂದು ಬಗೆಯೂ ಇದೆ. ಅದರಲ್ಲಿ ಕೆಳಗೆ ತೆಳುವಾದ ದಂಡ, ಮೇಲೆ ದಪ್ಪನೆಯ ದೇಹ ಕಾಣುತ್ತದೆ. ಕೊನೆಯದಾಗಿ ಬಿಗಿತವನ್ನು ನೋಡಿ. ಸಿಲಿಂಡರ್, ಕಂಬ ಮತ್ತು ಬೇಸನ್ನು ಬೋಲ್ಟುಗಳ ಬದಲು ಬಿಗಿದೆಳೆದ ಉಕ್ಕಿನ ತಂತಿಹಗ್ಗಗಳು ಹಿಡಿದಿದ್ದರೆ ಅದು ನಂತರದ ಕಾಲದ್ದು. ಪ್ರತಿ ಪೆಟ್ಟಿಗೂ ಅದುರುವ ಚೌಕಟ್ಟಿನಲ್ಲಿ ಗಟ್ಟಿ ಬೋಲ್ಟು ಬಳಲಿ ತುಂಡಾಗುವ ಕಡೆ ಹಗ್ಗ ತುಸು ಹಿಗ್ಗಿ ತಾಳಿಕೊಳ್ಳುತ್ತದೆ.